ಕಾಲಡಿಯ ಶೀಟ್ ಮುರಿದಾಗ

[ದೃಶ್ಯ: ಹಳೆಯ ಶೆಡ್ಡಿನ ಚಾವಣಿ, ಸಾಲಾಗಿ ಸಿಮೆಂಟ್ ಶೀಟ್]

ನಮಸ್ಕಾರ. ಈ ಚಾವಣಿಯನ್ನು ಸ್ವಲ್ಪ ಸರಿಯಾಗಿ ನೋಡಿ. ಇದರಲ್ಲಿ ಒಂದು ಶೀಟ್ ಪ್ಲಾಸ್ಟಿಕ್ಕಿನದು, ಒಳಗೆ ಬೆಳಕು ಬರಲಿ ಎಂದು ಹಾಕಿದ್ದು. ಧೂಳು, ಪಾಚಿ ಕೂತು ಈಗ ಪಕ್ಕದ ಶೀಟಿನ ಬಣ್ಣಕ್ಕೇ ತಿರುಗಿದೆ. ಯಾವುದು ಅಂತ ಗೊತ್ತಾಯಿತಾ? ಮೇಲೆ ನಿಂತವರಿಗೂ ಗೊತ್ತಾಗುವುದಿಲ್ಲ.

[ಹತ್ತಿರದಿಂದ: ಆ ಶೀಟ್]

ಚಾವಣಿಯಿಂದ ಬಿದ್ದರು ಅಂದ ಕೂಡಲೇ ಅಂಚಿನಲ್ಲಿ ಕಾಲು ಜಾರಿರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಎಷ್ಟೋ ಜನ ನಟ್ಟನಡುವೆಯೇ ಶೀಟ್ ಮುರಿದು ಕೆಳಗೆ ಹೋಗುತ್ತಾರೆ. ಎಲ್ಲಿ ಸೋರುತ್ತಿದೆ ಸುಮ್ನೆ ನೋಡಿ ಬರೋಣ, ಐದು ನಿಮಿಷಕ್ಕೆ ಸೇಫ್ಟಿ ಬೆಲ್ಟ್ ಯಾಕೆ ಎಂದು ಹತ್ತಿದವರು. ಸಿಮೆಂಟ್ ಶೀಟನ್ನೂ ನಂಬಬೇಡಿ. ಬಿಸಿಲು ಮಳೆಗೆ ಹಳೆಯದಾದಷ್ಟೂ ಪೆಡಸಾಗುತ್ತದೆ. ಬಗ್ಗಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಒಡೆಯುತ್ತದೆ. "ಬೋಲ್ಟ್ ಸಾಲಿನ ಮೇಲೇ ಕಾಲಿಡು, ಕೆಳಗೆ ಕಬ್ಬಿಣ ಇದೆ" ಎನ್ನುವವರಿದ್ದಾರೆ. ಅದು ಹಗ್ಗದ ಮೇಲೆ ನಡೆದ ಹಾಗೆ. ಒಂದು ಹೆಜ್ಜೆ ಆಚೀಚೆ ಆದರೆ ಮುಗಿಯಿತು. ಶೀಟನ್ನು ಹೊತ್ತಿರುವ ಅಡ್ಡ ಕಬ್ಬಿಣಕ್ಕೆ ಪರ್ಲಿನ್ ಅಂತಾರೆ. ಒಂದು ಪರ್ಲಿನ್‌ನಿಂದ ಇನ್ನೊಂದಕ್ಕೆ ದಾಟುವಷ್ಟು ಉದ್ದದ, ಅಗಲವಾದ ಹಲಗೆ ಹಾಕಿ, ಅದರ ಮೇಲೆ ನಡೆಯಬೇಕು. ಕೆಳಗೆ ಬಲೆ ಕಟ್ಟಿದ್ದರೆ ಇನ್ನೂ ಒಳ್ಳೆಯದು. ಏಣಿಯಲ್ಲೋ ಲಿಫ್ಟ್ ಯಂತ್ರದಲ್ಲೋ ನಿಂತು ಕೆಳಗಿನಿಂದಲೇ ಆಗುವ ಕೆಲಸವಾದರೆ, ಹತ್ತಲೇಬೇಡಿ.

6 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 1.1 ಸೆಕೆಂಡಿಗೆ ನೆಲ. ಆಗಿನ ವೇಗ ಗಂಟೆಗೆ 39 ಕಿಲೋಮೀಟರ್ ಹತ್ತಿರ. ಕಾಲ ಮೇಲೆ ಬಿದ್ದ, ಪುಣ್ಯ ಮಾಡಿದ್ದ ಎನ್ನುತ್ತಾರೆ. ಆದರೆ ಹಿಮ್ಮಡಿ ಮೂಳೆ ಪುಡಿಯಾದ ಅದೇ ಪೆಟ್ಟು ಮೇಲೇರಿ ಸೊಂಟದ ಹತ್ತಿರದ ಬೆನ್ನುಮೂಳೆಯನ್ನೂ ಜಜ್ಜಬಹುದು.

[ಚಿತ್ರ: ಕಾಲಿನ ಮಟ್ಟದಲ್ಲಿ ಸಿಕ್ಕಿಸಿದ ಬೆಲ್ಟ್ ಹಗ್ಗ]

ಬೆಲ್ಟ್ ಇದೆಯಲ್ಲ ಅನ್ನುತ್ತೀರಾ? ಹುಕ್ ಸಿಕ್ಕಿಸಿದ ಜಾಗದಿಂದ ಕೆಳಗೆ ಎಷ್ಟು ಎತ್ತರ ಬೇಕು, ಲೆಕ್ಕ ನೋಡಿ. ಹಗ್ಗ 1.8 ಮೀಟರ್. ಬಿದ್ದಾಗಿನ ಎಳೆತ ತಗ್ಗಿಸಲು ಹಗ್ಗಕ್ಕೆ ಸೇರಿಸಿದ ಮಡಚಿದ ಪಟ್ಟಿ ಬಿಚ್ಚಿಕೊಂಡರೆ ಇನ್ನೊಂದು ಮೀಟರ್. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಸುಮಾರು ಒಂದೂವರೆ ಮೀಟರ್. ಜೊತೆಗೆ ಪಾದಕ್ಕೂ ನೆಲಕ್ಕೂ ನಡುವೆ ಒಂದು ಮೀಟರ್ ಅಂತರವೂ ಉಳಿಯಬೇಕು. ಒಟ್ಟು 5 ಮೀಟರಿಗೂ ಜಾಸ್ತಿ. 4 ಮೀಟರಿನ ಶೆಡ್ ಮೇಲೆ ಹುಕ್ಕನ್ನು ಕಾಲಿನ ಬಳಿ ಸಿಕ್ಕಿಸಿದರೆ, ಬೆಲ್ಟ್ ಹಿಡಿಯುವ ಮೊದಲೇ ನೆಲಕ್ಕೆ ಬಡಿಯಬಹುದು. ಹುಕ್ ತಲೆಗಿಂತ ಮೇಲೆ, ಗಟ್ಟಿ ಕಬ್ಬಿಣಕ್ಕೆ ಇರಲಿ.

ಯಾರಾದರೂ ಬಿದ್ದಿದ್ದರೆ ಓಡಿ ಹೋಗಿ ಎಬ್ಬಿಸಿ ಕೂರಿಸುವುದೇ ನಮ್ಮ ಮೊದಲ ಆಸೆ. ದಯವಿಟ್ಟು ಬೇಡ. ನೀರನ್ನೂ ಕುಡಿಸಬೇಡಿ. ಆಂಬ್ಯುಲೆನ್ಸ್ ಕರೆಸಿ. ಅದು ಬರುವವರೆಗೆ ತಲೆ, ಕುತ್ತಿಗೆ ಅಲುಗದ ಹಾಗೆ ಎರಡು ಕೈಯಲ್ಲಿ ಹಿಡಿದು, ಅವರ ಹೆಸರು ಕರೆದು ಮಾತಾಡಿಸುತ್ತಾ ಪಕ್ಕದಲ್ಲೇ ಕೂತಿರಿ.