ಹೊಟ್ಟೆ ಬಂದರೆ ಟೆಸ್ಟೋಸ್ಟೆರಾನ್ ಯಾಕೆ ಇಳಿಯುತ್ತದೆ?

[ದೃಶ್ಯ: ಕಾರವಾರದ ಕಡಲತೀರದಲ್ಲಿ ಬೆಳಗಿನ ವಾಕಿಂಗ್. ನಂತರ ಅಳತೆ ಟೇಪಿನ ಕ್ಲೋಸಪ್]

"ಪ್ಯಾಂಟ್ ಸೈಜ್ ಇನ್ನೂ 34ರಲ್ಲೇ ಇದೆ, ನನಗೆಲ್ಲಿಯ ಹೊಟ್ಟೆ?" ಅನ್ನುವವರು ಬಹಳ. ಪ್ಯಾಂಟಾಗಲಿ ಲುಂಗಿಯಾಗಲಿ ನಿಲ್ಲುವುದು ಹೊಟ್ಟೆಯ ಕೆಳಗೆ. ಅದನ್ನು ನಂಬಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ಸರಿ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಹೆಚ್ಚೇ.

[ಗ್ರಾಫಿಕ್: ಕೊಬ್ಬಿನ ಕೋಶ, ಮಿದುಳು, ವೃಷಣ]

ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಅದರಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಗಂಡಸರ ಮುಖ್ಯ ಹಾರ್ಮೋನಾದ ಟೆಸ್ಟೋಸ್ಟೆರಾನನ್ನು ಈಸ್ಟ್ರಡಯಾಲ್ ಎಂಬ ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಇದು ಗಂಡಸರಿಗೂ ಬೇಕು, ಮೂಳೆ ಗಟ್ಟಿ ಇರುವುದರಲ್ಲಿ ಇದರದ್ದೂ ಪಾಲಿದೆ. ಮಿತಿ ಮೀರಿದರೆ ಮಾತ್ರ ಮಿದುಳು "ಹಾರ್ಮೋನ್ ಸಾಕಷ್ಟಿದೆ" ಅಂದುಕೊಂಡು ಪಿಟ್ಯುಟರಿ ಗ್ರಂಥಿಯಿಂದ ಬರುವ, ವೃಷಣಕ್ಕೆ ಟೆಸ್ಟೋಸ್ಟೆರಾನ್ ತಯಾರಿಸಲು ಹೇಳುವ ಎಲ್‌ಎಚ್ ಹಾರ್ಮೋನನ್ನು ಕಡಿಮೆ ಮಾಡುತ್ತದೆ. ಎಲ್‌ಎಚ್ ಇಳಿದರೆ ವೃಷಣದ ಉತ್ಪಾದನೆಯೂ ಇಳಿಯುತ್ತದೆ. ಟೆಸ್ಟೋಸ್ಟೆರಾನ್ ಕಡಿಮೆಯಾದರೆ ಸ್ನಾಯು ಕರಗಿ ಕೊಬ್ಬು ಇನ್ನೂ ಸೇರುತ್ತದೆ.

ರಿಪೋರ್ಟ್ ನೋಡಿ ಗಾಬರಿಯಾಗುವವರು ಇದನ್ನು ಗಮನಿಸಿ. ರಕ್ತದಲ್ಲಿ ಟೆಸ್ಟೋಸ್ಟೆರಾನನ್ನು ಹೊತ್ತು ತಿರುಗುವ ಪ್ರೋಟೀನುಗಳಲ್ಲಿ ಎಸ್‌ಎಚ್‌ಬಿಜಿ ಮುಖ್ಯ. ಹೊಟ್ಟೆ ಬಂದವರಲ್ಲಿ ಇನ್ಸುಲಿನ್ ಏರಿ, ಯಕೃತ್ತು ಇದನ್ನು ತಯಾರಿಸುವುದೇ ಕಡಿಮೆಯಾಗುತ್ತದೆ. ಆಗ ರಿಪೋರ್ಟಿನ ಟೋಟಲ್ (ಒಟ್ಟು) ಟೆಸ್ಟೋಸ್ಟೆರಾನ್ ಸಂಖ್ಯೆ ಕೆಳಗಿದ್ದರೂ, ಪ್ರೋಟೀನಿಗೆ ಅಂಟದೆ ದೇಹಕ್ಕೆ ಸಿಗುವ ಫ್ರೀ ಟೆಸ್ಟೋಸ್ಟೆರಾನ್ ಸರಿಯಿರಬಹುದು. ಟೋಟಲ್ ಒಂದನ್ನೇ ಹಿಡಿದು ಔಷಧಿ ಶುರುಮಾಡಬಾರದು.

ರಕ್ತ ಕೊಡುವುದು ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ. ಕಡಿಮೆ ಬಂದರೆ ಬೇರೆ ದಿನ ಮತ್ತೊಮ್ಮೆ. ಜ್ವರ ಇದ್ದಾಗ ಬೇಡ. ರಾತ್ರಿಯಿಡೀ ಬೋಟಿನಲ್ಲಿದ್ದು ಬೆಳಿಗ್ಗೆ ಬೈತಖೋಲ ಬಂದರಿಗೆ ಬಂದವರು ನೇರ ಲ್ಯಾಬಿಗೆ ಹೋದರೆ ಸಂಖ್ಯೆ ತಪ್ಪು ದಾರಿ ಹಿಡಿಸುತ್ತದೆ. ಮಲಗಿ ಎದ್ದು, ಎರಡು ಮೂರು ಗಂಟೆಯೊಳಗೆ ಕೊಡಿ.

[ದೃಶ್ಯ: ಊಟದ ತಟ್ಟೆ, ಮೇಲಿನಿಂದ]

ಕುಚ್ಚಲಕ್ಕಿ ಅನ್ನಕ್ಕೂ ಬಂಗಡೆ ಸಾರಿಗೂ ತಕರಾರಿಲ್ಲ. ತಕರಾರು ಮೂರನೇ ಸಲ ಬಡಿಸಿಕೊಳ್ಳುವ ಅನ್ನಕ್ಕೆ, ಎಣ್ಣೆಯಲ್ಲಿ ಮುಳುಗಿಸಿ ಕರಿದ ಮೀನಿಗೆ, ಶಿರಸಿ ಕಡೆ ದಿನಕ್ಕೆ ನಾಲ್ಕು ಲೋಟ ಕುಡಿಯುವ, ಬೆಲ್ಲ ಹಾಕಿದ ಕಷಾಯಕ್ಕೆ. 90 ಕಿಲೋ ಇರುವವರು ನಾಲ್ಕೂವರೆಯಿಂದ ಒಂಬತ್ತು ಕಿಲೋ ಇಳಿಸಿದರೆ ಟೆಸ್ಟೋಸ್ಟೆರಾನ್ ಸ್ವಲ್ಪ ಮೇಲೆ ಬರುವುದುಂಟು. ಬರೀ ವಾಕಿಂಗ್ ಸಾಲದು, ವಾರಕ್ಕೆ ಎರಡು ದಿನವಾದರೂ ಭಾರ ಎತ್ತಿ. ಜೋರು ಗೊರಕೆ, ಮಧ್ಯೆ ಉಸಿರು ನಿಂತಂತಾಗುವುದು ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ನಿದ್ದೆ ಕೆಟ್ಟರೂ ಟೆಸ್ಟೋಸ್ಟೆರಾನ್ ಇಳಿಯುತ್ತದೆ.

ಜಿಮ್ಮಿನಲ್ಲಿ ಯಾರೋ ಕೊಡಿಸುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್, ಮಕ್ಕಳು ಬೇಕೆನ್ನುವವರಿಗೆ ಬೇಡವೇ ಬೇಡ. ಹೊರಗಿನಿಂದ ಹಾರ್ಮೋನ್ ಬಂದರೆ ಎಲ್‌ಎಚ್, ವೀರ್ಯಾಣು ತಯಾರಿಗೆ ಬೇಕಾದ ಎಫ್‌ಎಸ್‌ಎಚ್ ಹಾರ್ಮೋನ್ ಎರಡೂ ಕುಸಿದು ವೀರ್ಯಾಣು ಸೊನ್ನೆಗೂ ಇಳಿಯಬಹುದು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ. ಹಾಗಾಗಿ ಇಂಜೆಕ್ಷನ್ ಬಿಟ್ಟ ಮರುವಾರವೇ ವೀರ್ಯ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಮೂರು ತಿಂಗಳು ಕಾಯಿರಿ. ಚೇತರಿಕೆಗೆ ಕೆಲವರಿಗೆ ವರ್ಷವೂ ಹಿಡಿಯುತ್ತದೆ.

[ಪರದೆಯ ಮೇಲೆ: ಡಾಕ್ಟರನ್ನು ಕೇಳಬೇಕಾದ ಪರೀಕ್ಷೆಗಳು – ಟೋಟಲ್ ಟೆಸ್ಟೋಸ್ಟೆರಾನ್, ಎಸ್‌ಎಚ್‌ಬಿಜಿ, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯ ಮತ್ತೊಂದು ಹಾರ್ಮೋನ್), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ)]