ಗೆಲ್ಲಿಸುವುದು ಪಾತ್ರ ಅಲ್ಲ

ಕೇಳುಗರೇ, ನಮಸ್ಕಾರ. ಇ-ಸ್ಪೋರ್ಟ್ಸ್, ಅಂದರೆ ವಿಡಿಯೊ ಗೇಮ್ ಪಂದ್ಯ ಆಡುವ ಹುಡುಗರು ನನ್ನನ್ನು ಸಿಕ್ಕಲ್ಲೆಲ್ಲ ಕೇಳುವುದು ಒಂದೇ: "ಯಾವ ಪಾತ್ರ ಸ್ಟ್ರಾಂಗ್?" ಒಂದು ವಾರ ಒಂದು ಪಾತ್ರ, ಮುಂದಿನ ವಾರ ಇನ್ನೊಂದು. ಹೀಗೆ ಮಾಡಬೇಡಿ ಅಂತ ಹೇಳಿ ಹೇಳಿ ಸಾಕಾಗಿದೆ. ಪಾತ್ರ ಗೆಲ್ಲಿಸುವುದಿಲ್ಲ. ಅದು ನಿಮ್ಮ ಕೈಗೆ ಎಷ್ಟು ಹತ್ತಿದೆ ಎನ್ನುವುದು ಗೆಲ್ಲಿಸುತ್ತದೆ.

2004ಕ್ಕೆ ಹೋಗೋಣ. ಅಮೆರಿಕದ ಕ್ಯಾಲಿಫೋರ್ನಿಯಾ, ಇವೋ ಎಂಬ ಫೈಟಿಂಗ್ ಗೇಮ್ ಪಂದ್ಯಾವಳಿ. ಆಟ ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್. ಒಂದು ಕಡೆ ಅಮೆರಿಕದ ಜಸ್ಟಿನ್ ವಾಂಗ್, ಅವರ ಪಾತ್ರ ಚುನ್-ಲಿ. ಇನ್ನೊಂದು ಕಡೆ ಜಪಾನಿನ ಡೈಗೊ ಉಮೆಹಾರ, ಅವರ ಪಾತ್ರ ಕೆನ್.

ಕೆನ್‌ಗೆ ಉಳಿದಿದ್ದ ಜೀವ ಕೂದಲೆಳೆಯಷ್ಟು. ಚುನ್-ಲಿಯ ದೊಡ್ಡ ದಾಳಿಯಲ್ಲಿ ಬೆನ್ನುಬೆನ್ನಿಗೆ 15 ಒದೆ. ಸುಮ್ನೆ ತಡೆದರೂ ಒಂದಿಷ್ಟು ಜೀವ ಹೋಗುತ್ತದೆ, ಅಷ್ಟು ಹೋದರೆ ಕೆನ್ ಸತ್ತ. ಉಳಿದ ದಾರಿ ಪ್ಯಾರಿ. ಅಂದರೆ ಒದೆ ತಾಗುವ ಕ್ಷಣಕ್ಕೆ ಸರಿಯಾಗಿ ಪಾತ್ರವನ್ನು ಆಡಿಸುವ ಸ್ಟಿಕ್ಕನ್ನು ಎದುರಾಳಿಯ ಕಡೆಗೇ ತಳ್ಳಬೇಕು. ಹಿಂದೆ ಸರಿಯುವುದಲ್ಲ, ಮುಂದಕ್ಕೆ! ಸೆಕೆಂಡಿನ ಸಣ್ಣ ತುಣುಕಷ್ಟೇ ಸಮಯ. ಮೊದಲ ಒದೆಯನ್ನಂತೂ ನೋಡಿ ತಡೆಯಲು ಆಗುವುದೇ ಇಲ್ಲ. ದಾಳಿ ಶುರುವಾಗುವ ಮೊದಲೇ ಬರುತ್ತದೆ ಅಂತ ಗೊತ್ತಿರಬೇಕು.

ಡೈಗೊಗೆ ಗೊತ್ತಿತ್ತು. ಜನರ ಮಧ್ಯದಿಂದ ಯಾರೋ "ಲೆಟ್ಸ್ ಗೋ ಜಸ್ಟಿನ್" ಅಂತ ಕೂಗುತ್ತಾರೆ, ವಿಡಿಯೊದಲ್ಲಿ ಈಗಲೂ ಕೇಳಿಸುತ್ತದೆ. ಚುನ್-ಲಿ ನುಗ್ಗುತ್ತಾಳೆ. ಒಂದು, ಎರಡು, ಮೂರು... ಒಂದೂ ತಪ್ಪದೆ ತಡೆಯುತ್ತಾರೆ. ಕೊನೆಯದನ್ನು ಗಾಳಿಗೆ ಹಾರಿ ತಡೆಯುತ್ತಾರೆ. ಯಾಕೆ ಗೊತ್ತಾ? ಕೆಳಗೆ ಇಳಿಯುವಾಗಲೇ ಒದೆದು ತಮ್ಮ ದಾಳಿ ಶುರು ಮಾಡಬೇಕು ಅಂತ! ಅಷ್ಟು ಗಡಿಬಿಡಿಯಲ್ಲಿ ಮುಂದಿನ ಹೆಜ್ಜೆಯ ಲೆಕ್ಕವೂ ನಡೆದಿತ್ತು. ಆ ಸುತ್ತು ಡೈಗೊ ಗೆದ್ದರು. ಇಡೀ ಸಭಾಂಗಣ ಎದ್ದು ನಿಂತು ಕಿರುಚಿತು. ಈಗ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಆ ಪಂದ್ಯಾವಳಿಯ ಫೈನಲ್‌ನಲ್ಲಿ ಡೈಗೊ ಸೋತರು. ಆದರೂ ಜನ ನೆನೆಯುವುದು ಅವರನ್ನು ಮತ್ತು ಆ ಕೆನ್‌ನನ್ನು. ಕೆನ್ ಎಲ್ಲರಿಗೂ ಸಿಗುವ ಪಾತ್ರ ಅಲ್ವಾ? ಆ ಕೈ ಎಲ್ಲರಿಗೂ ಸಿಗುವುದಿಲ್ಲ. ಮುಂದೆ ಸ್ಟ್ರೀಟ್ ಫೈಟರ್ 4ರಲ್ಲಿ ರ್ಯು ಪಾತ್ರ ಹಿಡಿದು 2009, 2010 ಎರಡೂ ವರ್ಷ ಇವೋ ಗೆದ್ದರು.

ಸಮಯ ಓಡುತ್ತಿದೆ. ಕೊರಿಯಾದ ಆಟಗಾರ ಫೇಕರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದ 2013ರ ಕೊರಿಯಾ ಬೇಸಿಗೆ ಪಂದ್ಯಾವಳಿಯ ಫೈನಲ್, ಐದನೇ ಆಟ. ಫೇಕರ್ ಕೈಯಲ್ಲಿ ಜೆಡ್, ಎದುರಾಳಿಯ ಕೈಯಲ್ಲೂ ಜೆಡ್. ಜೀವ ಕಡಿಮೆ ಇದ್ದ ಫೇಕರ್ ಅವರೇ ಎದುರಾಳಿಯನ್ನು ಕೆಡವಿದರು. ಇಬ್ಬರದೂ ಒಂದೇ ಪಾತ್ರ! ಇನ್ನೂ ಸಾಕ್ಷಿ ಬೇಕಾ?

ಪಾಕಿಸ್ತಾನದ ಲಾಹೋರಿನ ಅರ್ಸಲಾನ್ ಆಶ್ 2019ರಲ್ಲಿ ಟೆಕ್ಕನ್ 7 ಎಂಬ ಫೈಟಿಂಗ್ ಗೇಮ್‌ನಲ್ಲಿ ಇವೋ ಜಪಾನ್, ಅಮೆರಿಕದ ಇವೋ ಎರಡನ್ನೂ ಗೆದ್ದವರು. ಕಝುಮಿ ಪಾತ್ರ ಅಂದರೆ ಅರ್ಸಲಾನ್ ಅನ್ನುವಂತಿತ್ತು. ಟೆಕ್ಕನ್ 8 ಬಂದಾಗ ಅದರಲ್ಲಿ ಕಝುಮಿಯೇ ಇರಲಿಲ್ಲ. ಅವರು ನೀನಾ ಎಂಬ ಪಾತ್ರ ಹಿಡಿದು ಕೂತು ಕಲಿತರು, 2024ರ ಇವೋವನ್ನೂ ಗೆದ್ದರು.

ನಿಮ್ಮ ಮನೆಯ ಮಕ್ಕಳು ಈ ವಾರ ಪಾತ್ರ ಬದಲಿಸಲು ಹೊರಟರೆ ಇನ್ನೊಂದು ತಿಂಗಳು ತಡೆಯಲು ಹೇಳಿ. ನಮಸ್ಕಾರ.