ನಲವತ್ತು ದಾಟಿದ ಮೇಲೆ ತೋಟಗಾರಿಕೆ ಕಲಿಯಬಹುದಾ? ಕಲಬುರಗಿಯಲ್ಲಿ ಎಲ್ಲಿ, ಹೇಗೆ

[ದೃಶ್ಯ: ಮಾಳಿಗೆ ಮೇಲೆ ಸಾಲಾಗಿ ಕುಂಡಗಳು. ಅಂಗೈಯಲ್ಲಿ ಎರಡು ನಿಂಬೆ ಎಲೆ.]

ನಮಸ್ಕಾರ. ಈ ಎರಡು ಎಲೆ ಸ್ವಲ್ಪ ಹತ್ತಿರದಿಂದ ನೋಡಿ. ಒಂದು ನಮ್ಮ ಮನೆಯ ನಿಂಬೆ ಗಿಡದ್ದು, ಇನ್ನೊಂದು ಪಕ್ಕದ ಮನೆಯದ್ದು. ಎರಡೂ ಹಳದಿ. ಆದರೆ ರೋಗ ಒಂದೇ ಅಲ್ಲ, ಮದ್ದೂ ಒಂದೇ ಅಲ್ಲ. ಇಷ್ಟು ತಿಳಿಯೋಕೆ ನನಗೆ ನಲವತ್ತೆರಡು ವರ್ಷ ಮತ್ತು ಮೂರು ಸತ್ತ ಗಿಡ ಬೇಕಾಯಿತು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ದುಡ್ಡು ಕೊಟ್ಟು ಆನ್‌ಲೈನ್ ಕೋರ್ಸ್ ಸೇರಿದೆ. ಪಾಠ ಚೆನ್ನಾಗಿಯೇ ಇತ್ತು. ಆದರೆ ಅದು ತಂಪು ಊರಿನ ಕೆಂಪು ಮಣ್ಣಿನ ಪಾಠ. ನಮ್ಮದು ಎರೆಮಣ್ಣು. ಮಳೆ ಬಂದರೆ ಉಬ್ಬಿ ಚಪ್ಪಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. "ದಿನಾ ಸ್ವಲ್ಪ ನೀರು ಹಾಕಿ" ಅಂತ ಹೇಳಿದ್ದನ್ನು ನಂಬಿ ಎರೆಮಣ್ಣು ತುಂಬಿದ ಕುಂಡಕ್ಕೆ ನೀರು ಹಾಕಿದೆ. ಮೇಲೆ ಒಣಗಿದಂತೆ ಕಾಣುತ್ತಿತ್ತು, ಒಳಗೆ ಕೆಸರು. ಬೇರಿಗೆ ಗಾಳಿ ಸಿಗದೆ ಗುಲಾಬಿ ಕೊಳೆತೇ ಹೋಯಿತು.

ಆಮೇಲೆ ನಮ್ಮೂರಲ್ಲೇ ಕಲಿಸುವವರು ಇದ್ದಾರಾ ಎಂದು ಹುಡುಕಿದೆ. ನಮ್ಮ ಸೂಪರ್ ಮಾರ್ಕೆಟ್ ಪೇಟೆ ಸುತ್ತ ಒಂದು ರೌಂಡ್ ಹೊಡೆಯಿರಿ: ಟ್ಯಾಲಿ, ಸ್ಪೋಕನ್ ಇಂಗ್ಲಿಷ್, ಹೊಲಿಗೆ, ಎಲ್ಲದಕ್ಕೂ ಬೋರ್ಡ್ ಇದೆ. "ತೋಟಗಾರಿಕೆ, ಸಂಜೆ ಬ್ಯಾಚು" ಅನ್ನುವ ಬೋರ್ಡ್ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಹಾಗಂತ ಕಲಿಸುವವರು ಇಲ್ಲ ಅಂತಲ್ಲ. ಬೋರ್ಡ್ ಬೇರೆ ಕಡೆ ಇದೆ.

[ದೃಶ್ಯ: ಆಳಂದ ರಸ್ತೆ, ಬೆಳಿಗ್ಗೆ.]

ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದ ಹೆಸರು ಕೇಳಿರುತ್ತೀರಿ. ಜನ ಇದನ್ನು ಕೆವಿಕೆ ಅಂತಾರೆ. ದೇಶದ ಮೊದಲ ಕೆವಿಕೆ 1974ರಲ್ಲಿ ಪುದುಚೇರಿಯಲ್ಲಿ ಶುರುವಾಯಿತು. ಇವುಗಳ ಕೆಲಸವೇ ಪರೀಕ್ಷೆ, ಡಿಗ್ರಿ ಅನ್ನುವ ಗೋಜಿಲ್ಲದೆ ದೊಡ್ಡವರಿಗೆ ಕಲಿಸುವುದು. ನಮ್ಮದು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಯಾದಗಿರಿ ಜಿಲ್ಲೆಯವರಿಗೆ ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಇದೆ. ಬೀದರಿನವರಿಗೆ ಜನವಾಡದಲ್ಲಿ. ತರಬೇತಿ ಒಂದು ದಿನದಿಂದ ಕೆಲವು ದಿನದವರೆಗೆ. ವಿಷಯ ಹಂಗಾಮಿಗೆ ತಕ್ಕಂತೆ ಬದಲಾಗುತ್ತದೆ. ಕಸಿ ಕಟ್ಟುವುದು, ನರ್ಸರಿ, ಎರೆಹುಳು ಗೊಬ್ಬರ, ಅಣಬೆ, ಹೀಗೆ.

ತೊಂದರೆ ಒಂದೇ. ತರಬೇತಿ ಕೆಲಸದ ದಿನ, ಕೆಲಸದ ಹೊತ್ತಲ್ಲೇ ನಡೆಯುತ್ತದೆ. ನೌಕರಿ ಇದ್ದವರು ರಜೆ ಹಾಕಲೇಬೇಕು. ನಾನೂ ಹಾಕಿದೆ. "ಮದುವೆಗಾ?" ಅಂದರು ನಮ್ಮ ಆಫೀಸಿನವರು. "ನಿಂಬೆ ಗಿಡಕ್ಕೆ" ಅಂದೆ.

ಅಲ್ಲಿ ನನ್ನ ಎಲೆ ತೋರಿಸಿದಾಗ ಕಲಿಸುವ ಮೇಡಂ ಕೇಳಿದ್ದು ಒಂದೇ ಮಾತು: "ಹೊಸಾ ಎಲಿ ಹಳದಿ ಆಗ್ಯಾವೋ, ಹಳೀವು ಆಗ್ಯಾವೋ ಅಕ್ಕಾರ?" ನಾನು ನೋಡಿರಲೇ ಇಲ್ಲ!

[ದೃಶ್ಯ: ಎರಡು ಎಲೆ ಪಕ್ಕಪಕ್ಕ, ದೊಡ್ಡದಾಗಿ.]

ವಿಷಯ ಹೀಗಿದೆ. ಸಾರಜನಕ ಗಿಡದೊಳಗೆ ಓಡಾಡುವ ಪೋಷಕಾಂಶ. ಕಡಿಮೆ ಬಿದ್ದಾಗ ಗಿಡ ಅದನ್ನು ಹಳೆ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಹಳೆ ಎಲೆ ಮೊದಲು ಹಳದಿ ಆಗುತ್ತದೆ. ಪಕ್ಕದ ಮನೆಯ ಗಿಡದ್ದು ಇದೇ ಕಥೆ. ಕಬ್ಬಿಣ ಹಾಗಲ್ಲ. ಒಮ್ಮೆ ಎಲೆಯಲ್ಲಿ ಕೂತರೆ ಅಲ್ಲೇ ಕೂತಿತು. ಕಡಿಮೆ ಬಿದ್ದರೆ ಪೆಟ್ಟು ಚಿಗುರಿಗೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಬಲೆ ಹೆಣೆದ ಹಾಗೆ. ನಮ್ಮ ಗಿಡ ಇದು. ನಾನು ಏನು ಹಾಕಿದ್ದೆ? ಯೂರಿಯಾ, ಅದೂ ಎರಡು ಸಲ!

ಮಣ್ಣಲ್ಲಿ ಕಬ್ಬಿಣ ಇಲ್ಲವೇ ಅಂದರೆ, ಇದೆ. ಆದರೆ ನಮ್ಮ ನೆಲದಲ್ಲಿ ಸುಣ್ಣ ಜಾಸ್ತಿ. ಶಹಾಬಾದ್ ಫರಸಿ ಬರುವುದೇ ಸುಣ್ಣಕಲ್ಲಿನಿಂದ, ಅಲ್ವಾ? ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದ್ದು ನೋಡಿರುತ್ತೀರಿ, ಅದು ಬೋರ್‌ವೆಲ್ ನೀರಿನ ಉಪ್ಪು, ಸುಣ್ಣ. ಅಂಥ ಮಣ್ಣಲ್ಲಿ ಕಬ್ಬಿಣ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತದೆ. ಮನೆ ತುಂಬ ಜೋಳ ಇದ್ದರೂ ಬೀಸುವ ಕಲ್ಲು ಇಲ್ಲದ ಹಾಗೆ. ಅದಕ್ಕೇ ಎಲೆಗೆ ಸಿಂಪಡಿಸುವುದು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ), ಜೊತೆಗೆ ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಬಿಸಿಲು ಇಳಿದ ಮೇಲೆ ಸಿಂಪಡಿಸಬೇಕು. ಮುಂದಿನ ಚಿಗುರು ಹಸಿರಾಗಿಯೇ ಬಂತು.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣ ಇದೆ. ಕೋರ್ಸ್ ಆರಿಸುವಾಗ ನಾನು ಈಗ ನೋಡುವುದು ಎರಡೇ: ನಮ್ಮ ಮಣ್ಣಿನ ಮಾತು ಆಡುತ್ತಾರಾ, ಕೈಗೆ ಚಾಕು ಕೊಡುತ್ತಾರಾ. ಕಸಿ ಕಟ್ಟುವುದನ್ನೇ ತಗೊಳ್ಳಿ. ಮಾವಿನ ಕಡ್ಡಿಯನ್ನು ಬೆಣೆ ಥರ ಕೆತ್ತಿ, ಸಸಿಯ ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಎರಡರ ಸಿಪ್ಪೆಯ ಕೆಳಗಿನ ಹಸಿರು ಪದರ ಒಂದು ಕಡೆಯಾದರೂ ಕೂಡಲೇಬೇಕು. ಹತ್ತು ವಿಡಿಯೋ ನೋಡಿ ನನಗೆ ಬಂದಿರಲಿಲ್ಲ (ವಿಡಿಯೋ ಮಾಡುವವಳೇ ಇದನ್ನು ಹೇಳ್ತಿದ್ದೀನಿ!). ಅಲ್ಲಿ ಮೇಡಂ ನನ್ನ ಹೆಬ್ಬೆರಳನ್ನು ಸ್ವಲ್ಪ ಆಚೆ ಸರಿಸಿದರು. ಕೈ ಕೂತಿತು.

ಉಳಿದ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ತೋಟಗಾರಿಕೆ ಇಲಾಖೆಯದು 10 ತಿಂಗಳ ತರಬೇತಿ ಇದೆ. ಅದು ರೈತರ ಮಕ್ಕಳಿಗೆ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ವಯಸ್ಸಿನ ಮಿತಿ ಇರುವುದರಿಂದ ನಮ್ಮಂಥವರಿಗೆ ಅಲ್ಲ, ಆದರೆ ಮನೆಯಲ್ಲಿ ಹುಡುಗರಿದ್ದರೆ ಹೇಳಿ. ಬ್ಯಾಂಕುಗಳು ನಡೆಸುವ ಆರ್‌ಸೆಟಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ) ತರಬೇತಿ ಉಚಿತ, ಊಟ ವಸತಿಯೂ ಅಲ್ಲೇ. ಇದರ ಮೂಲ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್. ನರ್ಸರಿ ಹಾಕಿ ದುಡಿಯುವ ಯೋಚನೆ ಇದ್ದರೆ ಇಲ್ಲಿ ಕೇಳಿ ನೋಡಿ. ಪಿಯುಸಿ ಆದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿಯ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಓದು ಚೆನ್ನಾಗಿದೆ, ಆದರೆ ಮಣ್ಣು ನೀವೇ ಹುಡುಕಿಕೊಳ್ಳಬೇಕು. ಬೀದರಿನ ತೋಟಗಾರಿಕೆ ಕಾಲೇಜು ನಾಲ್ಕು ವರ್ಷದ ಡಿಗ್ರಿಗೆ, ಸಿಇಟಿ ಬರೆದು ಬರುವ ಮಕ್ಕಳಿಗೆ. ಅದನ್ನು ಬಿಡಿ.

ಯಾವಾಗ ಹೋಗಬೇಕು? ಈಗಲೇ ಹೋಗಿ ಹೆಸರು ಬರೆಸಿ. ಜೂನ್‌ನಲ್ಲಿ ಮಿರಗದ ಮಳೆ ಬಿದ್ದು ಗಾಳಿಯಲ್ಲಿ ತೇವ ಬಂದ ಮೇಲೆ ಕಸಿ ಚೆನ್ನಾಗಿ ಕೂಡುತ್ತದೆ. ಬಿಸಿಲಲ್ಲಿ ಕಟ್ಟಿದರೆ ಕಡ್ಡಿ ಒಣಗುತ್ತದೆ, ಅಷ್ಟೇ.

[ದೃಶ್ಯ: ಹಳೆ ಪೇಪರಿನಲ್ಲಿ ಎಲೆ ಸುತ್ತುವುದು.]

ಹೋಗುವಾಗ ನಿಮ್ಮ ಗಿಡದ ಎಲೆ ತಗೊಂಡು ಹೋಗಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬೆವೆತು ಕಪ್ಪಾಗುತ್ತದೆ. ಪೇಪರಿನಲ್ಲಿ ಸುತ್ತಿ. ಒಂದು ಹೊಸ ಎಲೆ, ಒಂದು ಹಳೆ ಎಲೆ.